ಸದಸ್ಯರ ದರ

ಯಲಹಂಕ, ಏಪ್ರಿಲ್ ೧೯೮೩

ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿಗಳಿಗೆ,

ನಮ್ಮ ಹೊಲ, ಬಾವಿ ಎರಡನ್ನೂ ಕೊಂಡಾಗ ನನ್ನ ಗಂಡ ಚಿಕ್ಕಮುನಿಯಪ್ಪನವರನ್ನು ಆಜೀವ ಸದಸ್ಯರನ್ನಾಗಿ ಮಾಡಿದಿರಿ. ಅವರಿಗೆ ನಿಮ್ಮ ಚೆಂಡಾಟ ಬರುವುದಿಲ್ಲ. ಬಾರಿನಲ್ಲಿ ಸದಸ್ಯರಿಗೆ ಅರ್ಧ ಬೆಲೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. "ಆಚೆ ಕುಡುದ್ರೆ ಡಬಲ್ ಕಣೇ, ಅಲ್ಲಿ ಕುಡುದ್ರೆ ಉಳಿತಾಯ" ಎನ್ನುತ್ತಾ ದಿನವೂ ಉಳಿತಾಯ ಮಾಡಿ ತೂರಾಡುತ್ತಾ ಬರುತ್ತಾರೆ.

ನಮ್ಮ ಬೀದಿಯ ನಲ್ಲಿ ಒಣಗಿದೆ. ನಿನ್ನೆ ಕೊಡ ಹಿಡಿದು ಅದೇ ಬಾವಿಗೆ ಬಂದರೆ ನಿಮ್ಮ ವಾಚ್‌ಮನ್ "ಮೆಂಬರ್‌ಗಳಿಗೆ ಮಾತ್ರ, ಹೋಗಮ್ಮ" ಎಂದು ಗದರಿದ. ಪಕ್ಕದಲ್ಲೇ ನಿಮ್ಮ ಹುಲ್ಲಿಗೆ ಪೈಪಿನಲ್ಲಿ ನೀರು ಸುರಿಯುತ್ತಿತ್ತು.

ಅವರ ಹೆಸರು ಹೊಡೆದುಹಾಕಿ, ನನ್ನ ಹೆಸರು ಬರೆದುಕೊಳ್ಳಿ. ನಾನು ಕುಡಿಯುವುದು ನೀರು. ಅದಕ್ಕೆ ಸದಸ್ಯರ ದರ ಎಷ್ಟೆಂದು ತಿಳಿಸಿ. ಕೊಡ ಹೊತ್ತು ನಿಮ್ಮ ಬಾರಿಗೇ ಬರುತ್ತೇನೆ.

ಇಂತಿ, ಬಾವಿ ಮಾರಿದ ಮನೆಯವಳು,
ಮುನಿಹನುಮಕ್ಕ