ನಿನ್ನ ಹೆಸರಿನ ಎಕ್ಸ್‌ರೇ

ಬಂಗಾರಪೇಟೆ
ಫೆಬ್ರವರಿ 9, 2025

ಪ್ರೀತಿಯ ಪೆರುಮಾಳು,

ಇಲ್ಲಿ ನಾವು ಹೇಗೋ ಉಸಿರಾಡಿಕೊಂಡಿದ್ದೇವೆ. ಆಂಡರ್ಸನ್‌ಪೇಟೆಯಲ್ಲಿ ನೀವೆಲ್ಲ ಹಾಯಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮಂಡಿ ಆಪರೇಷನ್ ಆದ ಮೇಲೆ ನೋಡಲು ಬರಲಿಲ್ಲ, ಕಾಗದವೂ ತಡವಾಯಿತು, ತಪ್ಪು ತಿಳಿಯಬೇಡ. ಫೋನು ಮಾಡಿದರೆ ನೀನು ಮಧ್ಯೆ ಬಾಯಿ ಹಾಕಿ ನನ್ನ ಮಾತನ್ನೇ ಮುಗಿಸಲು ಬಿಡುವುದಿಲ್ಲ.

ನಮ್ಮ ಹಸು ಕರು ಹಾಕಿದೆ. ಅಶ್ವತ್ಥಮ್ಮ ಗಿಣ್ಣು ಮಾಡಿ, "ಪೆರುಮಾಳಣ್ಣಂಗೂ ಒಂದ್ ಡಬ್ಬಿ ಕಳ್ಸಾನ" ಅಂದಳು. ನಾನು ಬೇಡವೆಂದೆ. ನನ್ನ ಹೆಂಡತಿಯಾದರೂ ಅವಳಿಗೆ ನಿನ್ನ ವಿಷಯ ಇನ್ನೂ ಹೇಳಿಲ್ಲ.

ರಾಬರ್ಟ್‌ಸನ್‌ಪೇಟೆಯ ಟೀ ಅಂಗಡಿಯಲ್ಲಿ ಕೂತು ಎಷ್ಟು ಜಗಳ ಆಡಿದ್ದೇವೆ ಕಣಯ್ಯಾ! ಸರ್ಕಾರದ ಕಾರ್ಡಿನಿಂದಲೇ ಅಶ್ವತ್ಥಮ್ಮನಿಗೆ ಸ್ಟೆಂಟ್ ಹಾಕಿದರು ಎಂದು ನಾನು. "ಕಾರ್ಡ್ ಕೊಟ್ಟು ಓಟ್ ಕಿತ್ಕೊಂಡ್ರು, ಬೆಡ್ ಎಲ್ಲಿ ಕೊಟ್ರು ಮಚ್ಚಾ?" ಎಂದು ನೀನು. ಹೋದ ಆಷಾಢದಲ್ಲಿ ಆ ಎಕ್ಸ್‌ರೇ ವ್ಯಾನು ಬಂದಾಗಲೂ ಅಷ್ಟೇ. ಕಂಪ್ಯೂಟರೇ ಎದೆಯ ಚಿತ್ರ ನೋಡಿ ರೋಗ ಹೇಳುತ್ತದೆ ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ನೀನು ಮೆಲ್ಲಗೆ ನನ್ನ ಕೈ ಹಿಡಿದೆ. "ನನ್ನೆದೇಲಿ ಗಣಿ ಧೂಳೈತೆ ಮಚ್ಚಾ. ಅದು ಇವ್ರ ಕಂಪ್ಯೂಟ್ರಿಗೆ ಏರ್ತು ಅಂದ್ರೆ ಕಾರ್ಡಲ್ಲಿ ಮಂಡಿ ಆಪರೇಷನ್ ಮಾಡಲ್ಲ. ಮೈಸೂರ್ ಮೈನ್ಸಲ್ಲಿ ನಿಂತಂಗೆ ಇನ್ನೊಂದ್ ಕಿತ ನನ್ ಹೆಸ್ರಲ್ಲಿ ನಿಂತ್ಕೊಳ್ಳೋ."

ಆ ಚಿನ್ನದ ಗಣಿಯ ದಿನಗಳಲ್ಲಿ ನಮ್ಮ ಶಿಫ್ಟಿನವರಿಗೆ ಅದೊಂದು ಕಳ್ಳತನವೇ ಆಗಿರಲಿಲ್ಲ. ಎದೆಯಲ್ಲಿ ಧೂಳು ಕಂಡರೆ ಕೆಳಗಿನ ಕೆಲಸ ತಪ್ಪಿಸುತ್ತಾರೆ, ಸಂಬಳ ಇಳಿಯುತ್ತದೆ ಎಂಬ ಭಯ. ಅದಕ್ಕೇ ಎದೆ ಚೆನ್ನಾಗಿರುವವನು ಗೆಳೆಯನ ಹೆಸರು ಹೇಳಿ ನಿಲ್ಲುತ್ತಿದ್ದ. ಆಗಲೂ ನಿನಗಾಗಿ ನಿಂತಿದ್ದೆ, ಈಗಲೂ ನಿಂತೆ. ಮತ್ತೆ ನನ್ನ ಹೆಸರಲ್ಲೂ ಹೋದರೆ ಸಿಕ್ಕಿಬೀಳುತ್ತೇವೆಂದು ನನ್ನದನ್ನು ತೆಗೆಸಲೇ ಇಲ್ಲ.

ಮಾರನೇ ವಾರ ಬೋಂಡ ಕೊಡಿಸಿ, "ಎಲ್ಲಾ ಕ್ಲೀನ್ ಬಂತು ಮಚ್ಚಾ, ನಿನ್ನೆದೆ ಕಬ್ಬಿಣ ಕಣೋ" ಅಂದೆಯಲ್ಲ!

ಹೋದ ತಿಂಗಳು ನನಗೆ ಕೆಮ್ಮಿನಲ್ಲಿ ರಕ್ತ ಬಿತ್ತು. ಮಗಳು ವನಿತಾ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಟಿ.ಬಿ. ಅಂದರು. ಆ ದಿನ ವ್ಯಾನಿನಲ್ಲಿದ್ದ ನರ್ಸ್ ಕಲಾ ಅಲ್ಲೇ ಇದ್ದಳು. ನನ್ನ ಮುಖ ನೋಡಿದ್ದೇ ಬೈದಳು: "ಏನ್ ಪೆರುಮಾಳಣ್ಣ, ಎದೇಲಿ ಕಲೆ ಐತೆ, ಕಫ ಪರೀಕ್ಷೆಗೆ ಬನ್ನಿ ಅಂತ ಎಷ್ಟ್ ಸಲ ಫೋನ್ ಮಾಡ್ದೆ! ಬತ್ತೀನಿ ಬತ್ತೀನಿ ಅಂತ ಯಾಮಾರ್ಸುದ್ರಲ್ಲ?"

ಅವಳು ಫೋನು ಮಾಡಿದ್ದು ನಿನಗೆ. ಆ ಕಲೆ ನನ್ನದೆಂದು ನಿನಗೆ ಗೊತ್ತಿತ್ತು.

ಪರೀಕ್ಷೆಗೆ ಹೋಗದೆ ರೋಗವೆಂದು ಬರೆಯುವುದಿಲ್ಲ, ನನಗೆ ಹೇಳಿದರೆ ಹೆಸರು ಬದಲಿಸಿದ್ದು ಬಯಲಾಗಿ ಆಪರೇಷನ್ ನಿಂತುಹೋಗುತ್ತದೆಂದು ಹೆದರಿದೆಯಾ? ನಿನ್ನ ಗುಟ್ಟು ಬಿಡಬೇಡ, ನನ್ನ ಕಿವಿಯಲ್ಲಿ "ಒಂದ್ಸಲ ಎದೆ ತೋರ್ಸ್ಕೊಳ್ಳೋ" ಅಂದಿದ್ದರೆ ಸಾಕಿತ್ತಲ್ಲ. ಪಾರ್ಟಿ ಬೇರೆ ಎಂದು ಎಷ್ಟೇ ಕೂಗಾಡಿದರೂ ನಿನ್ನನ್ನು ಬೇರೆಯವನೆಂದು ನಾನು ಎಣಿಸಿರಲಿಲ್ಲ. ಕಣ್ಣು ಮುಚ್ಚಿಕೊಂಡು ನಂಬಿದ್ದೆ ಕಣೋ.

ಮಾತ್ರೆ ಪುಕ್ಕಟೆ ಕೊಡುತ್ತಿದ್ದಾರೆ. ಅದಕ್ಕೂ "ನಿಮ್ಮ ಸರ್ಕಾರ" ಅಂತ ಹಂಗಿಸುವುದಿದ್ದರೆ ಹಂಗಿಸು.

ನಿನ್ನ ಮಂಡಿ ಗಟ್ಟಿಯಾಗಲಿ. ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರಲಿ. ನಿನಗೆ ಶಾಪ ಹಾಕಲು ನನಗೆ ಬಾಯಿ ಬರುತ್ತಿಲ್ಲ.

ಇಂತಿ,
ಮುನಿಸ್ವಾಮಪ್ಪ

ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ವನಿತಾಳ ಮಗಳು ಲಿಖಿತಳಿಗೂ ಟಿ.ಬಿ. ಅಂಟಿದೆ. ಯುಕೆಜಿ ಓದುವ ಮಗು, ದಿನಾ ನನ್ನ ಪಕ್ಕದಲ್ಲೇ ಮಲಗುತ್ತಿತ್ತು. ದೀಪಾವಳಿಗೆ ಬಂದಾಗ ನೀನು, "ನಂಗೆ ನೆಗಡಿ, ಇಲ್ಲೇ ಇರ್ತೀನಿ" ಎಂದು ಹೊರಗೆ ಜಗಲಿಯ ಮೇಲೇ ಕೂತೆ, ನನ್ನ ಹತ್ತಿರ ಸುಳಿಯಲಿಲ್ಲ. ನಿನಗೆ ನೆಗಡಿ ಇರಲಿಲ್ಲವೆಂದು ಈಗ ತಿಳಿಯುತ್ತಿದೆ. ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನೀನು ಅದನ್ನು ನೋಡಿದೆ. "ಚೆಂದಾಗೈತೆ ಮಗು, ದೃಷ್ಟಿ ತೆಗೀರಿ" ಅಂದು ಎದ್ದು ಹೋದೆ.