ಬಾಗಿಲ ಚೌಕಟ್ಟಿನ ಡಬ್ಬಿ

ಅಜಿತಣ್ಣಾ,

ಒಲೆಯ ಪಕ್ಕ ರೊಟ್ಟಿ, ಪುಂಡಿ ಪಲ್ಯ ಇಟ್ಟಿದ್ದೇನೆ. ಉಂಡ ತಾಟು ನೀನೇ ತೊಳೆ.

ಬಾಗಿಲ ಚೌಕಟ್ಟಿಗೆ ನೀನು ಹಚ್ಚಿದ ಡಬ್ಬಿಗೆ ಇನ್ನು ನಾನು ಬಿಲ್ಲೆ ತಾಗಿಸುವುದಿಲ್ಲ. ನಾನು ಹೊಸ್ತಿಲು ದಾಟಿದ್ದು ನಿನ್ನ ಫೋನಿಗೆ ತಿಳಿಯಲೆಂದು, ತಾಗಿಸಿದರೆ ಗುರುತು ಹೇಳುವ ಆ ಎನ್‌ಎಫ್‌ಸಿ ಬಿಲ್ಲೆಯೊಳಗೆ ನೀನು ನನ್ನ ಹೆಸರು ಬರೆದೆ. ನಿನ್ನ ಹೆಸರಿನದೊಂದು ಮಾಡಲು ಮರೆತೆಯೇನೋ.

ಸೋಮವಾರದಿಂದ ಆ ಬಿಲ್ಲೆ ನಮ್ಮ ಆಡಿನ ಕೊರಳಲ್ಲಿದೆ. ಡಬ್ಬಿ ಇರುವಲ್ಲೇ ಅದು ಕುತ್ತಿಗೆ ತಿಕ್ಕುತ್ತದೆ, ನಿನ್ನ ಫೋನು ಕೂಗುತ್ತದೆ. ನಿನ್ನೆ ನಾನು ನಿನ್ನೆದುರೇ ರೊಟ್ಟಿ ಬಡಿಯುತ್ತಿದ್ದೆ. ನೀನು ಫೋನು ನೋಡಿ, "ಈಗ ಎಲ್ಲಿಗಿ ಹೋಗಿದ್ದಿ?" ಅಂದೆ.

"ಇಲ್ಲೇ ಅದೀನಲ್ಲೋ ಅಣ್ಣಾ."

"ಸುಳ್ಳ ಹೇಳಬ್ಯಾಡ. ಡಬ್ಬಿ ಹೇಳಾಕತ್ತೈತಿ."

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಎದುರಿಗಿದ್ದವಳನ್ನು ಬಿಟ್ಟು ಡಬ್ಬಿಯನ್ನು ನಂಬುವವನಿಗೆ ಇಷ್ಟು ದಿನ ಹೆದರಿದೆನಲ್ಲ ಎಂದು ನಾಚಿಕೆಯಾಯಿತು.

ನೀನು ಬೇಡವೆಂದ ಗೋಕಾಕದ ಹೊಲಿಗೆ ಅಂಗಡಿಯ ಕೆಲಸಕ್ಕೇ ಹೊರಟಿದ್ದೇನೆ. ರಾಯವ್ವ ಅತ್ತೆಯ ಮನೆಯಲ್ಲಿರುತ್ತೇನೆ. ಅವ್ವನಿಗೆ ಹೇಳಿದ್ದೇನೆ. ಕರೆಯಲು ಬರಬೇಡ.

ಸಂಜೆ ನಾನು ಮನೆಗೆ ಬಂದೆನೆಂದು ಫೋನು ಹೇಳಿದರೆ, ಎದ್ದು ನನಗೆ ಮೇಯಲು ಒಂದಿಷ್ಟು ಹಸಿ ತಪ್ಪಲು ಹಾಕಿ ನೀರು ಕುಡಿಸು.

ಆಮ್ರಪಾಲಿ