ಹಾಜರಿ ಪುಸ್ತಕದ ನಾಲ್ಕನೇ ಕಾಲಂ

ಪ್ರೀತಿಯ ದತ್ತೂಮಾಮಾ,

ನೀವು ಹೋಗಿ ಎರಡು ವರ್ಷವಾಯಿತು. ನೀವಿದ್ದಾಗಲೇ ಹೇಳಬೇಕಿದ್ದ ಒಂದು ಮಾತು ಹಾಗೇ ಉಳಿದುಬಿಟ್ಟಿದೆ. ಇಂದು ಹೇಳಿಬಿಡುತ್ತೇನೆ. ಕೇಳಿದ ಮೇಲೆ ಬೈಯಿರಿ, ಶಾಪ ಹಾಕಿರಿ, ಎದ್ದು ಬಂದು ಕಪಾಳಕ್ಕೆ ಬಾರಿಸಿದರೂ ಸರಿಯೇ. ಆದರೆ ಪೂರ್ತಿ ಕೇಳಿ.

ಮೊದಲ ಗುರುವಾರ ನೆನಪಿದೆಯೇ? ಖಡೇಬಜಾರದ ಹಿಂದಿನ ಗಲ್ಲಿಯಲ್ಲಿ, ಅಕ್ಕಿ ಅಂಗಡಿಯ ಮೇಲಿನ ಅಟ್ಟದಲ್ಲಿ ನೀವು ಸಣ್ಣ ಅಂಗಡಿಕಾರರಿಗೆ ಪಾಠ ಶುರು ಮಾಡಿದಿರಿ. ಲೈಸೆನ್ಸಿನ ಅರ್ಜಿ ತುಂಬುವುದು ಹೇಗೆ, ತಕ್ಕಡಿಗೆ ಸರಕಾರದ ಮುದ್ರೆ ಹಾಕಿಸುವುದು ಎಲ್ಲಿ, ಕಚೇರಿಯಿಂದ ನೋಟಿಸು ಬಂದರೆ ಏನು ಉತ್ತರ ಬರೆಯಬೇಕು ಇತ್ಯಾದಿ. ನಗರಸಭೆಯ ಗುಮಾಸ್ತಿಕೆಯಿಂದ ನಿವೃತ್ತರಾಗಿ ನಿಮಗೆ ತಿಂಗಳೂ ಆಗಿರಲಿಲ್ಲ. "ಸರ್ವಿಸ್ ಪೂರಾ ಬಡವರ ಅರ್ಜಿ ತಪ್ಪ ಅದ ಅಂತ ಹೊಳ್ಳಿ ಕಳಿಸೇನಿ, ಈರಣ್ಣಾ. ಈಗ ಆ ಪಾಪ ತೊಳಕೋತೀನಿ," ಅಂದಿರಿ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಏನೋ ಉಜ್ಜಿದ ಸಪ್ಪಳ. ಪೋಲಿಯೋದಿಂದ ಒಂದು ಕಾಲು ಸಣ್ಣಗಾಗಿದ್ದ ಟೇಲರ್ ಪರಸು, ಊರುಗೋಲನ್ನು ಕಂಕುಳಲ್ಲಿ ಸಿಗಿಸಿಕೊಂಡು, ಕುಂಡೆಯ ಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದ. ನೀವು ನನ್ನ ಮೇಲೆ ಹರಿಹಾಯ್ದಿರಿ. "ಇಲ್ಲಿ ಜಾಗಾ ಹುಡುಕಿದಾಂವ ಯಾವ ಕತ್ತಿ?" ಹುಡುಕಿದವನು ನಾನೇ. ಆಮೇಲೆ ಕರಿಹಲಗೆಯನ್ನು ಸ್ವತಃ ತಲೆಯ ಮೇಲೆ ಹೊತ್ತು ಕೆಳಗಿಳಿದಿರಿ. ಅಂದಿನಿಂದ ಪಾಠವೆಲ್ಲ ಅಂಗಳದಲ್ಲೇ ನಡೆಯಿತು.

ಎರಡನೇ ವಾರದ ಬಡಿದಾಟವನ್ನಂತೂ ನೀವು ಮರೆತಿರಲಾರಿರಿ. ಯಾವ ಭಾಷೆಯಲ್ಲಿ ಮೊದಲು ಹೇಳಬೇಕು ಎಂಬುದಕ್ಕೇ ಶುರುವಾಯಿತು. ಕನ್ನಡ ಮೊದಲು ಎಂದು ಇವರು, ಮರಾಠಿ ಎಂದು ಅವರು, ನಾವೇನು ಪಾಪ ಮಾಡೇವಿ ಎಂದು ಉರ್ದುವಿನವರು. ಯಾರೋ ಬೀಸಿದ ಬರೆಯುವ ಪಾಟಿ ನಿಮ್ಮ ಕಿವಿಯನ್ನೇ ಹರಿಯಿತು. ರಕ್ತ ಒರೆಸಿಕೊಳ್ಳುತ್ತ ನೀವು ಮಾಡಿದ ಕಾನೂನು ಎಂಥದು! ಇಂದು ಕೊನೆಗೆ ಬಂದ ಭಾಷೆ ಮುಂದಿನ ವಾರ ಮೊದಲು. ಮತ್ತೆ, ಕಲಿತದ್ದನ್ನು ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಲ್ಲ, ಬಾಜೂ ಕುಳಿತವರ ಮಾತಿನಲ್ಲಿ ಎದ್ದು ನಿಂತು ಹೇಳಬೇಕು. ಅದಕ್ಕಾಗಿ ಯಾರ ಪಕ್ಕ ಯಾರು ಕೂಡಬೇಕೆಂದು ನೀವೇ ಗೊತ್ತು ಮಾಡುತ್ತಿದ್ದಿರಿ. ಅದಕ್ಕೇ ಬೇಕಾಯಿತು ಆ ಹಾಜರಿ ಪುಸ್ತಕ. ಹೆಸರು, ಅಂಗಡಿ, ಗಲ್ಲಿ, ನಾಲ್ಕನೇ ಕಾಲಂನಲ್ಲಿ ಮನೆಮಾತು. ನನ್ನ ಅಕ್ಷರ ಮುತ್ತಿನಂತಿದೆ ಎಂದು ನನ್ನ ಕೈಗೇ ಕೊಟ್ಟಿರಿ. ನಾನೋ ಇನ್ನೂ ಶಾಣ್ಯಾ. ಒಂದೇ ನೋಟಕ್ಕೆ ತಿಳಿಯಲೆಂದು ಕನ್ನಡದವರನ್ನು ನೀಲಿ ಶಾಯಿಯಲ್ಲಿ, ಮರಾಠಿಯವರನ್ನು ಕೆಂಪಿನಲ್ಲಿ, ಉರ್ದುವಿನವರನ್ನು ಹಸಿರಿನಲ್ಲಿ ಬರೆದೆ. ಸೈಕಲ್ ರಿಪೇರಿ ಮಾಡುವ ಈರಣ್ಣನ ಕೈಯಲ್ಲಿ ಇಷ್ಟು ಚೆಂದದ ಪುಸ್ತಕವೇ ಎಂದು ನೀವು ಎಲ್ಲರಿಗೂ ತೋರಿಸಿದಿರಿ.

ಭಾನುವಾರ ಪಾಠ ಹೇಳಲೆಂದು ರೈಲು ಗಾಡಿ ಹತ್ತಿ ಖಾನಾಪುರಕ್ಕೆ ಹೋಗುತ್ತಿದ್ದ ದಿನಗಳು ಬೇರೆಯೇ. ಅಲ್ಲಿ ಮಡಕೆ ಮಾರುವ ಕುಂಬಾರ ಗಂಗವ್ವನಿಗೆ ಕಣ್ಣು ಮಂಜಾಗಿತ್ತು. "ನಿಮ್ಮ ಹಲಗಿ ನನಗ ಹೊಗಿ ಕಂಡಂಗ ಕಾಣತೈತ್ರಿ," ಎಂದು ಅವಳು ಎದ್ದು ಹೊರಟಾಗ ನೀವು ಅವಳದೇ ಹಸಿಮಣ್ಣಿನ ಮುದ್ದೆ ತಟ್ಟಿ, ಅವಳ ಹೆಸರನ್ನು ಬೆರಳಿನಿಂದ ಕೊರೆದುಕೊಟ್ಟಿರಿ. ಅವಳು ಅದರ ಮೇಲೆ ಬೆರಳಾಡಿಸಿ ಕಲಿತಳು. ಲೈಸೆನ್ಸಿಗೆ ಸಹಿ ಮಾಡಿದ ದಿನ ನಿಮಗೆ ಒಂದು ನೀರಿನ ಹೂಜಿ ಕೊಟ್ಟಳು.

ಆಮೇಲೆ ಆ ವಾರ ಬಂತು. ಊರು ಕನ್ನಡದವರದೋ ಮರಾಠಿಯವರದೋ ಎಂಬ ಹಳೆಯ ಜಗಳ ಮತ್ತೆ ಬೀದಿಗೆ ಬಿದ್ದಿತ್ತು. ಮೊದಲ ಕಲ್ಲು ಯಾರು ಎಸೆದರೋ, ಎರಡೂ ಕಡೆಯವರು ಎರಡು ಕಥೆ ಹೇಳುತ್ತಾರೆ. ನನ್ನ ಅಂಗಡಿಗೆ ಬಂದ ಕಲ್ಲು ಮಾತ್ರ ನನ್ನ ಹೆಂಡತಿಯ ಹಣೆಗೆ ಬಿತ್ತು. ಮೂರು ಹೊಲಿಗೆ. ಅವಳ ರಕ್ತವನ್ನು ಕೈಯಾರೆ ತೊಳೆದ ನಾನು ಯಾರನ್ನಾದರೂ ಕೊಲ್ಲಬೇಕು ಎನ್ನುವಷ್ಟು ಕುದಿಯುತ್ತಿದ್ದೆ. ಮರುದಿನ ಬೆಳಿಗ್ಗೆ ನನ್ನ ಸೋದರತ್ತೆಯ ಮಗ ಶಿವಾನಂದ ಬಂದ. "ಶಾಂತಿ ಸಭಾ ಮಾಡಾಕತ್ತೀವಿ. ಅಂಗಡಿಯವರನ್ನೆಲ್ಲಾ ಕರೀಬೇಕು. ನಿಮ್ಮ ಸಾಲಿ ಹಾಜರಿ ಪುಸ್ತಕ ಕೊಡು," ಅಂದ. ಅವನ ಹಿಂದೆ ನಿಂತ ಇಬ್ಬರ ಕೈಯಲ್ಲಿ ಕಬ್ಬಿಣದ ಸಳಿಗಳಿದ್ದವು. ಶಾಂತಿ ಸಭೆಗೆ ಕರೆಯುವವರಿಗೆ ಸಳಿ ಯಾಕೆ? ನಾನು ಕೇಳಲಿಲ್ಲ, ಮಾಮಾ. ಗೊತ್ತಿರಲಿಲ್ಲ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಗೊತ್ತಿತ್ತು. ಪುಸ್ತಕ ತೆಗೆದಿಡಲೆಂದು ನೀವೇ ನಂಬಿ ಕೊಟ್ಟಿದ್ದ ಇನ್ನೊಂದು ಕೀಲಿಯಿಂದ ನಿಮ್ಮ ಕಪಾಟು ತೆಗೆದು ಪುಸ್ತಕ ಕೊಟ್ಟೆ. ಕೊಟ್ಟು ಸುಮ್ಮನಿರಬಾರದೆ? ಯಾವ ಬಣ್ಣ ಯಾರದು ಎಂಬುದನ್ನೂ ಬಿಡಿಸಿ ಹೇಳಿದೆ.

ಮಧ್ಯಾಹ್ನ ಗಲ್ಲಿಯ ಮೂಲೆಯಲ್ಲಿ ನಿಂತು ನೋಡಿದೆ. ಶಿವಾನಂದ ಪುಟ ತೆರೆದು ಬೆರಳಿಟ್ಟು ಓದುತ್ತಿದ್ದ. "ಇದು ಬಿಡ್ರಿ, ನಮ್ಮಂದಿದು. ಅದರ ಬಾಜೂದು ಒಡೀರಿ." ನೀಲಿ ಉಳಿಯಿತು, ಕೆಂಪು ಮುರಿಯಿತು. ಪಾನಿನ ಡಬ್ಬಿ ಅಂಗಡಿ ಮಗುಚಿದರು, ಹಾಲಿನವನ ಹಲ್ಲು ಉದುರಿಸಿದರು. ಪರಸುವಿನ ಹೆಸರೂ ಕೆಂಪಿನಲ್ಲೇ ಇತ್ತು. ಅವನು ಅಂಗಡಿಯ ಒಳಗೇ ಇದ್ದ, ಓಡಲು ಅವನಿಗೆ ಕಾಲೆಲ್ಲಿ? ಬಟ್ಟೆಯ ಗಂಟಿನ ಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಅವನ ಕೂಗು... ಅದನ್ನು ಬರೆಯಲಾರೆ. ನೀವು ಎಲ್ಲಿಂದ ಬಂದಿರೋ! ಬರಿಗಾಲಲ್ಲಿ ಓಡಿ ಬಂದು ಬೆಂಕಿಯೊಳಗೆ ನುಗ್ಗಿದಿರಿ. ಸಳಿ ನಿಮ್ಮ ಬಲಗೈ ಮೇಲೆ ಎರಡು ಸಲ ಬಿತ್ತು. ಮೂಳೆ ಮುರಿದ ಸಪ್ಪಳ ನನಗೆ ಮೂಲೆಯವರೆಗೂ ಕೇಳಿಸಿತು. ನೀವು ಎಡಗೈಯಿಂದ ಪರಸುವಿನ ಕಾಲರ್ ಹಿಡಿದು ಅವನನ್ನು ಬೀದಿಗೆ ಎಳೆದು ಹಾಕಿದಿರಿ. ಆ ಹೊತ್ತಿಗೆ ಅವನ ಬಲಗೈ ಬೆರಳುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಮನೆಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡೆ.

ದವಾಖಾನೆಯಲ್ಲಿ ಪ್ಲಾಸ್ಟರಿನ ಕೈ ಎದೆಯ ಮೇಲಿಟ್ಟುಕೊಂಡು ನೀವು ಹೇಳಿದಿರಿ, "ಕಪಾಟಿಗೆ ಕೀಲಿ ಹಾಕೋದು ಮರ್ತೆ ಕಾಣಸ್ತದ, ಈರಣ್ಣಾ. ಮುದಿ ಬುದ್ಧಿ ನೋಡು, ಎಷ್ಟು ಮಂದಿ ಸಂಸಾರ ಸುಟ್ಟೆ." ಆಗ ಹೇಳಬಹುದಿತ್ತು. ನಾನು ನಿಮಗೆ ನೀರು ಕುಡಿಸಿದೆ, ಅಷ್ಟೇ. ಎದ್ದು ಓಡಾಡುವಂತಾದಾಗ ನೀವು ಕೆಂಪು ಶಾಯಿಯ ಪ್ರತಿಯೊಬ್ಬರ ಮನೆಗೂ ಹೋದಿರಿ, ತಪ್ಪು ನನ್ನದು ಎಂದಿರಿ. ನಿಮ್ಮದೇ ಮರಾಠಿ ಮಂದಿ ನಿಮ್ಮನ್ನು ಊರ ದ್ರೋಹಿ ಎಂದರು. ನಾನು ನಿಮ್ಮ ಚೀಲ ಹಿಡಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದೆ. ಪರಸು ಬರೀ ಬೈದು ಬಿಡಲಿಲ್ಲ. "ಪಟ್ಟಿ ಕೊಟ್ಟು ಸುಡಸೂದು, ಮ್ಯಾಲ ನೀವ ಎಳದು ಉಳಸೂದು, ಇದೇನ್ ನಾಟಕರೀ?" ಎಂದು ನಿಮ್ಮ ಮುಖಕ್ಕೆ ಉಗಿದ. ನೀವು ಒರೆಸಿಕೊಳ್ಳಲೂ ಇಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ. ಎಂಥ ನಾಯಿ ಜನ್ಮ ನನ್ನದು!

ನಿಮ್ಮ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಹೇಳುತ್ತೇನೆ. ಯಾರಿಗೂ ಅನ್ಯಾಯವಾಗಬಾರದು ಎಂದು ಮಂದಿಯನ್ನು ಗೆರೆ ಎಳೆದು ಬರೆಸಿದವರು ನೀವು. ಈ ಊರಿನಲ್ಲಿ ಹುಟ್ಟಿ ಬೆಳೆದ ನಿಮಗೆ ಆ ಗೆರೆಯ ಭಯವೇ ಇರಲಿಲ್ಲವೇ? ಆದರೆ ಗೆರೆ ಎಳೆದದ್ದು ಒಳ್ಳೆಯದಕ್ಕೆ. ಕೊಟ್ಟವನು ನಾನು. ನೀವು ಕೀಲಿ ಹಾಕಿದ್ದಿರಿ, ಮಾಮಾ. ಸರಿಯಾಗಿಯೇ ಹಾಕಿದ್ದಿರಿ.

ನೀವು ತೀರಿಕೊಂಡ ಮೇಲೆ ಗಂಗವ್ವ ನನ್ನ ಬೆನ್ನು ಬಿಡಲಿಲ್ಲ. ಖಾನಾಪುರದಲ್ಲಿ ಮತ್ತೆ ಪಾಠ ಶುರು ಮಾಡಿಸಿದಳು. ಹೆಸರು ಬರೆದುಕೊಳ್ಳುವುದಿಲ್ಲ, ಬಂದವರು ಬಂದರು. ಕಳೆದ ಭಾನುವಾರ ಅವಳು ನಿಮ್ಮ ಫೋಟೋ ತಂದು ಗೋಡೆಗೆ ಹಾಕಿಸಿ, ಹೂವಿನ ಮಾಲೆ ತೊಡಿಸಿದಳು. ಪರಸು ಈಗ ಅಲ್ಲಿಯೇ ಮಾವನ ಮನೆಯಲ್ಲಿದ್ದು ಎಡಗೈಯಿಂದ ಗುಂಡಿ ಹಚ್ಚುವ ಕೆಲಸ ಮಾಡುತ್ತಾನೆ. ಪಾಠ ಮತ್ತೆ ಶುರುವಾಗಿದೆ ಎಂದು ಕೇಳಿ ಬಂದಿದ್ದ. ಫೋಟೋ ಕಂಡವನೇ ಊರುಗೋಲು ಬೀಸಿದ. ಗಾಜು ಪುಡಿಪುಡಿಯಾಗಿ ಗಂಗವ್ವನ ಮಡಿಲಿಗೆ ಬಿತ್ತು. "ಈ ಮನಿಮುರುಕಗ ಹೂವಿನ ಮಾಲಿ ಬ್ಯಾರೆ!" ಎಂದು ಮತ್ತೆ ಎತ್ತಿದ.

"ಅವರಲ್ಲೋ ಪರಸು. ಪುಸ್ತಕ ಕೊಟ್ಟಾಂವ ನಾನು," ಅಂದೆ.

ಊರುಗೋಲು ನನ್ನ ಮೇಲೆ ಇಳಿಯಿತು. ಭುಜಕ್ಕೆ, ದವಡೆಗೆ, ಬಿದ್ದ ಮೇಲೆ ಬೆನ್ನಿಗೆ. ಬಿಡಿಸಲು ಬಂದವರನ್ನು ನಾನೇ ತಡೆದೆ. ಒಂದು ಹಲ್ಲು ಹೋಯಿತು. ಕೊನೆಗೆ ಅವನಿಗೇ ದಣಿವಾಗಿ ನೆಲಕ್ಕೆ ಕುಸಿದು, ಏದುಸಿರು ಬಿಡುತ್ತ ಕೇಳಿದ, "ಮಾಮಾಗ ಗೊತ್ತಿತ್ತೇನು?"

"ಇಲ್ಲ."

"ಅವರು ತಮ್ಮದ ತಪ್ಪು ಅನಕೊಂಡ ಸತ್ರೇನು?"

"ಹೌದು."

ಅವನು ಅಂಟಿದ ಬೆರಳುಗಳ ಕೈಯಿಂದ ಮುಖ ಮುಚ್ಚಿಕೊಂಡ. "ನಾ ಅವರ ಮಕದ ಮ್ಯಾಲ ಉಗುಳೀನಿ," ಎಂದು ಅತ್ತ. ಅಷ್ಟು ದೊಡ್ಡ ದನಿಯಲ್ಲಿ ಅವನು ಬೆಂಕಿಯೊಳಗೂ ಕೂಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಗೋಡೆ ಹಿಡಿದು ಎದ್ದು, "ನನಗಲ್ಲ, ಮೊದಲ ಅವರಿಗೆ ಹೇಳು. ಬರದು ತಗೊಂಡ ಬಾ. ಒಂದಕ್ಷರ ಮುಚ್ಚಿಟ್ಟರ ನಿನ್ನ ಕೊಲ್ಲತೀನಿ. ಓದಿ, ಕೆಳಗ ನಾನೂ ಬರೀತೀನಿ," ಅಂದ.

ನಾಳೆ ಬೆಳಗಿನ ಗಾಡಿಗೆ ಈ ಕಾಗದ ತೆಗೆದುಕೊಂಡು ಹೋಗುತ್ತೇನೆ. ಎಡಗೈಯಿಂದ ಬರೆಯುವವನಿಗೆ ಜಾಗ ಹೆಚ್ಚು ಬೇಕಾಗುತ್ತದೆ. ಅವನಿಗಾಗಿ ಕೆಳಗೆ ಅರ್ಧ ಹಾಳೆ ಬಿಟ್ಟಿದ್ದೇನೆ.

ನಿಮ್ಮ
ಈರಣ್ಣ